ಮಾನಸಿಕ ಕಾಯಿಲೆಯ ಮಾತ್ರೆ ಇಳಿಸುವುದು: ಪಥ್ಯದ ಪಾಲೆಷ್ಟು, ಲೆಕ್ಕದ ಪಾಲೆಷ್ಟು

ಮಾನ್ಯ ಸಂಪಾದಕರೇ,

ಖಿನ್ನತೆ, ಆತಂಕ, ನಿದ್ರಾಹೀನತೆಗೆಂದು ತೆಗೆದುಕೊಳ್ಳುವ ಮಾತ್ರೆಗಳನ್ನು ಆಹಾರ, ವಿಟಮಿನ್, ಧ್ಯಾನ, ಗಿಡಮೂಲಿಕೆಗಳ ಬಲದಿಂದ ಬಿಟ್ಟುಬಿಡಬಹುದು ಎನ್ನುವ ಬರಹಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಕಾಣಿಸುತ್ತವೆ. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿ ಅವುಗಳಲ್ಲಿ ಉದ್ದಕ್ಕೆ ಇರುತ್ತದೆ. ಮಾತ್ರೆಯನ್ನು ಎಷ್ಟು ಮಿಲಿಗ್ರಾಂನಿಂದ ಎಷ್ಟಕ್ಕೆ, ಎಷ್ಟು ವಾರಗಳ ಅಂತರದಲ್ಲಿ ಇಳಿಸಬೇಕು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಓದಿದವರು ಪಥ್ಯ ಹಿಡಿದ ದಿನವೇ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕಾರಣವಿಲ್ಲದ ಅಳು. ಆಗ ಒಂದೋ ಪಥ್ಯವೇ ಸುಳ್ಳು ಎಂದುಕೊಳ್ಳುತ್ತಾರೆ, ಇಲ್ಲವೇ ಜೀವಮಾನವಿಡೀ ಮಾತ್ರೆ ತಪ್ಪಿದ್ದಲ್ಲ ಎಂದು ಕೈಚೆಲ್ಲುತ್ತಾರೆ. ಎರಡೂ ಅವಸರದ ತೀರ್ಮಾನ. ಬರಹಗಳಲ್ಲಿ ಬಿಟ್ಟುಹೋಗುವ ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

ಒಳ್ಳೆಯ ಊಟ, ವ್ಯಾಯಾಮ, ನಿದ್ರೆಯ ಶಿಸ್ತು, ಮನಸ್ಸಿನ ತರಬೇತಿ ಇವೆಲ್ಲ ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳಲು ನೆರವಾಗುತ್ತವೆ. ಆದರೆ ವರ್ಷಗಟ್ಟಲೆ ಮಾತ್ರೆಗೆ ಒಗ್ಗಿಕೊಂಡ ಮಿದುಳು ಅದಿಲ್ಲದೆ ನಡೆಯಲು ಹಿಡಿಯುವ ಕಾಲವನ್ನು ಯಾವುದೇ ಪಥ್ಯ ಮೊಟಕು ಮಾಡುತ್ತದೆ ಎನ್ನಲು ಆಧಾರವಿಲ್ಲ. ಇವು ಎರಡು ಪ್ರತ್ಯೇಕ ಕೆಲಸಗಳು. ಮೊದಲನೆಯದನ್ನು ಮಾಡಿದರೆ ಎರಡನೆಯದು ತಾನಾಗಿ ಆಗಿಬಿಡುತ್ತದೆ ಎಂದು ನಂಬಿದಾಗಲೇ ಅನಾಹುತ.

ಆಹಾರಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ ಪೆಲಾಗ್ರ ರೋಗಿಗಳು ಬಹಳ ಮಂದಿ ಇದ್ದರು. ಚರ್ಮ ಸುಲಿಯುವುದು, ಭೇದಿ, ಜೊತೆಗೆ ಬುದ್ಧಿಭ್ರಮಣೆ. ಅದು ಸೋಂಕಿನಿಂದ ಬಂದದ್ದಲ್ಲ, ಊಟದ ಕೊರತೆಯಿಂದ ಬಂದದ್ದು ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. ಕೊರತೆಯಾಗಿದ್ದ ವಸ್ತು ನಿಯಾಸಿನ್, ಅಂದರೆ ವಿಟಮಿನ್ ಬಿ3 ಎಂಬುದು ಕಾನ್ರಾಡ್ ಎಲ್ವೆಜೆಮ್ ಅವರ 1937ರ ಕೆಲಸದಿಂದ ಖಚಿತವಾಯಿತು. ಒಂದು ವಿಟಮಿನ್ ಕೊಟ್ಟು ಬುದ್ಧಿಭ್ರಮಣೆ ವಾಸಿಮಾಡಿದ ನಿಜವಾದ ಉದಾಹರಣೆ ಇದು. ಇದರ ಬೆನ್ನಲ್ಲೇ 1950ರ ದಶಕದಲ್ಲಿ ಕೆನಡಾದಲ್ಲಿ ಏಬ್ರಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಕಾಡುವ ಕಾಯಿಲೆ) ಇದ್ದವರಿಗೆ ದಿನಕ್ಕೆ ಗ್ರಾಂಗಟ್ಟಲೆ ನಿಯಾಸಿನ್ ಕೊಡತೊಡಗಿದರು. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1968ರಲ್ಲಿ ಅದಕ್ಕೆ ದೊಡ್ಡ ಹೆಸರು ತಂದುಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘದ ಸಮಿತಿ 1973ರಲ್ಲಿ ಪರಿಶೀಲಿಸಿದಾಗ ಆ ವಾದ ನಿಲ್ಲಲಿಲ್ಲ. ಪೆಲಾಗ್ರದಲ್ಲಿ ಗುಣ ಸಿಕ್ಕಿದ್ದು ಇದ್ದ ಕೊರತೆ ನೀಗಿದ್ದರಿಂದ. ಕೊರತೆಯಿಲ್ಲದವರಿಗೆ ಅದನ್ನೇ ನೂರು ಪಟ್ಟು ಕೊಟ್ಟರೆ ಮುಖ ಕೆಂಪೇರಿ ಉರಿಯುತ್ತದೆ, ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ಹಾಗಾಗಿ ಮೊದಲು ರಕ್ತಪರೀಕ್ಷೆ, ಪೂರಕ ಮಾತ್ರೆಗಳ ಮಾತು ಆಮೇಲೆ. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಥೈರಾಯ್ಡಿನ ಟಿಎಸ್‌ಎಚ್, ಸೋಡಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ಇಷ್ಟಾದರೂ ಬೇಕು. ಬಿ12 ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಅನುಮಾನದ ವಲಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಒಮೆಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಇದು ಸದ್ದಿಲ್ಲದೆ ಇಳಿಯುತ್ತದೆ. ಈ ಕೊರತೆ ಮರೆವು, ಜುಮುಗುಡುವ ಪಾದ, ಖಿನ್ನತೆಯಾಗಿ, ಅಪರೂಪಕ್ಕೆ ಸೈಕೋಸಿಸ್‌ನಂತೆಯೇ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಕಾಣಿಸಿಕೊಳ್ಳುತ್ತದೆ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ತೋರುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಬಿ ಕಾಂಪ್ಲೆಕ್ಸ್ ಶುರುಮಾಡುವ ಮುಂಚೆಯೇ ರಕ್ತ ಕೊಡಬೇಕು. ಶುರುಮಾಡಿದ ಮೇಲೆ ಬರುವ ಅಂಕಿಯಿಂದ ಏನೂ ಗೊತ್ತಾಗದು.

ಫೆರಿಟಿನ್ ಬಗ್ಗೆ ಇನ್ನೊಂದು ಮಾತು. ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎನ್ನುತ್ತೇವೆ. ರಾತ್ರಿ ಮಲಗಿದೊಡನೆ ಕಾಲು ಆಡಿಸಲೇಬೇಕೆನಿಸುವ ತೊಂದರೆ ಇದ್ದರೆ 75ರವರೆಗೂ ಕಬ್ಬಿಣ ಕೊಡುವ ಪದ್ಧತಿಯಿದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು, ಅದರಲ್ಲೂ ಮಿರ್ಟಾಜಪಿನ್, ಈ ಕಾಲಿನ ತಳಮಳವನ್ನು ಹೆಚ್ಚಿಸುತ್ತವೆ. ಅದನ್ನು ಆತಂಕವೆಂದು ತಿಳಿದು ನಿದ್ರೆ ಮಾತ್ರೆ ಸೇರಿಸುವುದುಂಟು. ಕಬ್ಬಿಣದ ಕೊರತೆ ಸಿಕ್ಕಿ ಸರಿಪಡಿಸಿದರೆ ಒಂದು ಮಾತ್ರೆಯ ಅಗತ್ಯವೇ ತಪ್ಪುವ ಸಂದರ್ಭ ಇದು. ಪೋಷಣೆಯಿಂದ ಮಾತ್ರೆ ಕಡಿಮೆಯಾಗುವುದು ನಿಜಕ್ಕೂ ಎಲ್ಲಾದರೂ ಇದ್ದರೆ ಇಂಥ ಜಾಗಗಳಲ್ಲಿ. ಥೈರಾಯ್ಡ್ ಇನ್ನೊಂದು ಜಾಗ. ಆದರೆ ಕೂದಲಿಗೆಂದು ಬಯೋಟಿನ್ ನುಂಗುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು. 5–10 ಮಿಲಿಗ್ರಾಂ ಬಯೋಟಿನ್ ಹಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ, ಇಲ್ಲದ ಥೈರಾಯ್ಡ್ ಕಾಯಿಲೆ ಇದೆಯೆಂದು ತೋರುತ್ತದೆ.

ಇನ್ನು ಇಳಿಸುವ ಲೆಕ್ಕ. ಮಾತ್ರೆಯ ಅಳತೆ ಅರ್ಧವಾದರೆ ಅದರ ಪರಿಣಾಮವೂ ಅರ್ಧವಾಗುತ್ತದೆ ಎಂಬ ಅಂದಾಜು ಇಲ್ಲಿ ನಡೆಯದು. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಮಿದುಳಿನ ಸ್ಕ್ಯಾನ್‌ಗಳ ಅಂಕಿಗಳನ್ನು ಇಟ್ಟುಕೊಂಡು ಇದನ್ನು ಬಿಡಿಸಿ ತೋರಿಸಿದರು. ಖಿನ್ನತೆಗೆ ಕೊಡುವ ಸಿಟಾಲೊಪ್ರಾಂ 20 ಮಿಲಿಗ್ರಾಂ ತೆಗೆದುಕೊಂಡಾಗ, ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಸಿರೊಟೋನಿನ್ ಸಾಗಿಸುವ ಕೊಂಡಿಗಳಲ್ಲಿ ಶೇ 80ರಷ್ಟನ್ನು ಅದು ಹಿಡಿದಿಡುತ್ತದೆ. ಸುಮಾರು 9 ಮಿಲಿಗ್ರಾಂಗೆ ಇಳಿಸಿದರೂ ಶೇ 70. 5.4 ಮಿಲಿಗ್ರಾಂಗೆ ಶೇ 60, 2.3ಕ್ಕೆ ಶೇ 40, 0.8ಕ್ಕೆ ಶೇ 20. ಅಂದರೆ ಮೊದಲ 11 ಮಿಲಿಗ್ರಾಂ ಕಳೆದಾಗ ಬದಲಾದದ್ದು 10 ಅಂಕ. ಕೊನೆಯ 5 ಚಿಲ್ಲರೆ ಮಿಲಿಗ್ರಾಂ ಕಳೆದಾಗ 60 ಅಂಕ. ಕತ್ತಲ ಕೋಣೆಯಲ್ಲಿ ಹತ್ತು ದೀಪ ಉರಿಯುತ್ತಿದ್ದಾಗ ಒಂದನ್ನು ಆರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕೊನೆಯ ದೀಪ ಆರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. 20ರಿಂದ 10ಕ್ಕೆ, 10ರಿಂದ 5ಕ್ಕೆ ಆರಾಮವಾಗಿ ಬಂದವರು 5ರಿಂದ ಸೊನ್ನೆಗೆ ಇಳಿದಾಗ ಕುಸಿಯುವುದು ಇದೇ ಕಾರಣಕ್ಕೆ. 5ರ ಮಾತ್ರೆಯನ್ನು ಮುರಿದು 2.5 ಮಾಡಿಕೊಂಡು ಅಲ್ಲಿಂದ ನಿಲ್ಲಿಸಿದರೂ ಒಮ್ಮೆಲೇ ಶೇ 40ರಷ್ಟು ಜಿಗಿದಂತೆಯೇ.

ಇದರಿಂದ ಹೊರಡುವ ನಿಯಮ ಸರಳ: ಪ್ರತಿ ಸಲವೂ ಕಡಿತ ಮಾಡುವುದು ಆಗಿನ ಡೋಸ್‌ನ ಇಂತಿಷ್ಟು ಶೇಕಡಾವಾರು, ಮೂಲ ಡೋಸ್‌ನದ್ದಲ್ಲ. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಿಗೆ, ಹಿಂದೆ ಬಿಡಲು ಹೋಗಿ ಕಷ್ಟಪಟ್ಟವರಿಗೆ ನಾಲ್ಕು ವಾರಕ್ಕೊಮ್ಮೆ ಶೇ 10 ಒಂದು ಎಚ್ಚರಿಕೆಯ ಗತಿ. 20 ಮಿಲಿಗ್ರಾಂ ಇದ್ದದ್ದು 18, ಆಮೇಲೆ 16.2, ಆಮೇಲೆ 14.6, ಆಮೇಲೆ 13.1. ಹನ್ನೆರಡು ಇಳಿತದ ಬಳಿಕ 5.6, ಇಪ್ಪತ್ತನಾಲ್ಕು ಇಳಿತದ ಬಳಿಕ 1.6. ಹೌದು, ಎರಡು ವರ್ಷ ಹತ್ತಿರ ಹತ್ತಿರ. ಎಲ್ಲರಿಗೂ ಇಷ್ಟು ನಿಧಾನ ಬೇಕಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಆಗಿನ ಡೋಸ್‌ನ ಅರ್ಧಕ್ಕೆ ಇಳಿಸುವುದರಿಂದ ಶುರುಮಾಡಿ, ಕೆಳಗೆ ಬಂದಂತೆ ಕಾಲು ಭಾಗದಷ್ಟೇ ಕಡಿತ ಮಾಡಲು ಹೇಳುತ್ತದೆ. ಕೆಲವೇ ತಿಂಗಳು ತೆಗೆದುಕೊಂಡವರಿಗೆ ಅದು ಸಾಕಾಗಬಹುದು. ಯಾವ ಗತಿ ಎಂಬುದನ್ನು ಬರೆದುಕೊಟ್ಟ ವೈದ್ಯರೊಡನೆ ಕೂತು ತೀರ್ಮಾನಿಸಬೇಕು. ಮೊದಲ ಒಂದೆರಡು ಇಳಿತಗಳಿಗೆ ದೇಹ ಹೇಗೆ ಸ್ಪಂದಿಸಿತು ಎಂಬುದೇ ಮುಂದಿನದಕ್ಕೆ ದಾರಿ ತೋರಿಸುತ್ತದೆ. ತೊಂದರೆ ಬಂದರೆ ಹಿಂದಿನ ಡೋಸ್‌ಗೆ ಹಿಂದಿರುಗಿ ನಾಲ್ಕಾರು ವಾರ ನಿಂತು, ಮತ್ತೆ ಹೊರಡುವಾಗ ಕಡಿತವನ್ನು ಅರ್ಧ ಮಾಡಿಕೊಳ್ಳಬೇಕು.

ಈ ಚಿಕ್ಕ ಅಳತೆಗಳು ಮಾತ್ರೆಯ ರೂಪದಲ್ಲಿ ಸಿಗುವುದಿಲ್ಲ. ಇಲ್ಲೇ ಬಹುಪಾಲು ಪ್ರಯತ್ನಗಳು ಹಳಿ ತಪ್ಪುವುದು. ಔಷಧ ದ್ರವ ರೂಪದಲ್ಲಿ ಇದ್ದರೆ ಅದೇ ಒಳ್ಳೆಯದು. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜಿನಲ್ಲಿ ಅಳೆಯಬೇಕು, ಚಮಚದಲ್ಲಲ್ಲ. ಎಸ್ಸಿಟಾಲೊಪ್ರಾಂ ಹನಿಗಳು ಮಿಲಿಲೀಟರಿಗೆ 10 ಮಿಲಿಗ್ರಾಂನವೂ ಇವೆ, 20 ಮಿಲಿಗ್ರಾಂನವೂ ಇವೆ. ಬಾಟಲಿ ಬದಲಾದಾಗ ಅದೇ ಐದು ಹನಿ ಇಮ್ಮಡಿ ಡೋಸ್ ಆಗಿಬಿಡಬಹುದು. ಲೇಬಲ್ಲಿನ ಆ ಒಂದು ಸಾಲನ್ನು ಪ್ರತಿ ಸಲ ಓದಬೇಕು. ದ್ರವ ಸಿಗದಿದ್ದರೆ, ಔಷಧ ವಿತರಕರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆ, ಲೇಪನವಿಲ್ಲದ ಸಾಮಾನ್ಯ ಮಾತ್ರೆಯನ್ನು ನೀರಿನಲ್ಲಿ ಕದಡಬಹುದು: 10 ಮಿಲಿಗ್ರಾಂ ಮಾತ್ರೆ, ಒಟ್ಟು 10 ಮಿಲಿಲೀಟರ್ ನೀರು, ಆಗ 1 ಮಿಲಿಲೀಟರಿಗೆ 1 ಮಿಲಿಗ್ರಾಂ. ಎಷ್ಟೋ ಔಷಧಗಳು ಕರಗುವುದಿಲ್ಲ, ನೀರಿನಲ್ಲಿ ತೇಲುವ ಪುಡಿಯಾಗುತ್ತವೆ ಅಷ್ಟೆ. ಕಲಕಿ ಅರ್ಧ ನಿಮಿಷ ಬಿಟ್ಟರೆ ತಳಕ್ಕಿಳಿದು, ಮೇಲಿನಿಂದ ಎಳೆದ ಸಿರಿಂಜಿನಲ್ಲಿ ಬರೀ ನೀರು ಬರುತ್ತದೆ. ಚೆನ್ನಾಗಿ ಕುಲುಕಿ, ಆ ಕ್ಷಣವೇ ಎಳೆದುಕೊಳ್ಳಬೇಕು. ಉಳಿದದ್ದನ್ನು ಚೆಲ್ಲಿ ಮರುದಿನ ಹೊಸದಾಗಿ ಮಾಡಿಕೊಳ್ಳಬೇಕು.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಅರೆಯುವುದಾಗಲಿ ಮುರಿಯುವುದಾಗಲಿ ಕೂಡದು. ಇಡೀ ದಿನದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಡುಲೊಕ್ಸೆಟಿನ್ ಕ್ಯಾಪ್ಸೂಲಿನ ಕಾಳುಗಳನ್ನು ಜಜ್ಜಿದರೆ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಔಷಧ ಹಾಳಾಗುತ್ತದೆ. ವೆನ್ಲಾಫಾಕ್ಸಿನ್ ಕ್ಯಾಪ್ಸೂಲ್ ಬಿಚ್ಚಿ ಕಾಳು ಎಣಿಸಿ ಕಡಿಮೆ ಮಾಡುವವರಿದ್ದಾರೆ. ಕಾಳಿನ ಸಂಖ್ಯೆ ತಯಾರಕರಿಂದ ತಯಾರಕರಿಗೆ ಬೇರೆ, ಕೆಲವದರಲ್ಲಿ ಕಾಳುಗಳ ಬದಲು ಪುಟ್ಟ ಮಾತ್ರೆಗಳೇ ಇರುತ್ತವೆ. ಆದ್ದರಿಂದ ಮಧ್ಯದಲ್ಲಿ ಬ್ರಾಂಡ್ ಬದಲಿಸಬಾರದು. ದಿನ ಬಿಟ್ಟು ದಿನ ತೆಗೆದುಕೊಳ್ಳಿ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ವೆನ್ಲಾಫಾಕ್ಸಿನ್‌ನ ಅರ್ಧಾಯುಷ್ಯ (ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಸುಮಾರು 5 ತಾಸು, ಪರಾಕ್ಸೆಟಿನ್‌ನದ್ದು ಸುಮಾರು 21 ತಾಸು. ಇವನ್ನು ದಿನ ಬಿಟ್ಟು ದಿನ ನುಂಗಿದರೆ ಎರಡು ದಿನಕ್ಕೊಮ್ಮೆ ವಿತ್‌ಡ್ರಾವಲ್‌ಗೆ, ಅಂದರೆ ಔಷಧ ಇಳಿದಾಗ ದೇಹ ತೋರಿಸುವ ತೊಂದರೆಗಳಿಗೆ, ಆಹ್ವಾನ ಕೊಟ್ಟ ಹಾಗೆ. ಫ್ಲೂಕ್ಸೆಟಿನ್ ಮಾತ್ರ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಅಲ್ಲಿ ತೊಂದರೆ ತಡವಾಗಿ ಶುರುವಾಗುವುದರಿಂದ, ನಿಲ್ಲಿಸಿ ತಿಂಗಳಾಯಿತು, ಗೆದ್ದೆ ಎಂದು ಬೀಗುವಂತಿಲ್ಲ.

ವಿತ್‌ಡ್ರಾವಲ್ ಯಾವುದು, ಕಾಯಿಲೆ ಮರಳಿದ್ದು ಯಾವುದು ಎಂದು ಬೇರ್ಪಡಿಸುವುದು ಇಡೀ ಕೆಲಸದ ಅತಿ ಸೂಕ್ಷ್ಮ ಭಾಗ. ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಶುರುವಾಗುವುದು, ಕರೆಂಟ್ ಹೊಡೆದಂತಾಗುವುದು, ತಲೆ ತಿರುಗುವುದು, ಎಚ್ಚರವಾದರೂ ಬಿಡದ ಗಾಢ ಕನಸು ಮುಂತಾದ ದೈಹಿಕ ಚಿಹ್ನೆಗಳಿರುವುದು, ಹಿಂದಿನ ಡೋಸ್ ಕೊಟ್ಟರೆ ಒಂದೆರಡು ದಿನಗಳಲ್ಲೇ ಇಳಿಮುಖವಾಗುವುದು ವಿತ್‌ಡ್ರಾವಲ್‌ನ ಲಕ್ಷಣ. ಕಾಯಿಲೆ ಮರಳುವಾಗ ವಾರಗಳು, ತಿಂಗಳುಗಳ ಮೇಲೆ ಮೆಲ್ಲಮೆಲ್ಲನೆ, ಮೊದಲು ಬಂದಾಗ ಇದ್ದ ಅದೇ ರೂಪದಲ್ಲಿ ಬರುತ್ತದೆ. ಮಾತ್ರೆ ಮತ್ತೆ ಶುರುಮಾಡಿದರೂ ಹಿಡಿತಕ್ಕೆ ಬರಲು ವಾರಗಳೇ ಬೇಕು. ಇದನ್ನು ನೆನಪಿನಿಂದ ಹೇಳಲಾಗದು, ಪುಸ್ತಕದಲ್ಲಿ ಬರೆದಿಡಬೇಕು. ದಿನಕ್ಕೊಂದು ಸಾಲು ಸಾಕು: ಡೋಸ್, ಎಷ್ಟು ತಾಸು ನಿದ್ರೆ, ಮನಸ್ಸು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಆತಂಕ ಎಷ್ಟು, ತಲೆಸುತ್ತು ಎಷ್ಟು, ಅಂದು ಹೊಸದಾಗಿ ತಿಂದ ಅಥವಾ ಬಿಟ್ಟ ವಸ್ತು. ಎರಡು ವಾರಕ್ಕೊಮ್ಮೆ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿ ತುಂಬಿ; ಒಟ್ಟು 27 ಅಂಕಗಳಲ್ಲಿ 5 ಏರಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಬದಲಾವಣೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಹೊಸದಾಗಿ 'ಹೌದು' ಎಂಬ ಉತ್ತರ ಬಂದರೆ ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ.

ಇದೇ ಕಾರಣಕ್ಕೆ ಪಥ್ಯವನ್ನೂ ಮಾತ್ರೆ ಇಳಿಸುವುದನ್ನೂ ಒಟ್ಟಿಗೆ ಶುರುಮಾಡಬಾರದು ಎನ್ನುತ್ತೇನೆ. ಒಂದೇ ವಾರದಲ್ಲಿ ಕಾಫಿ ಬಿಟ್ಟು, ಸಕ್ಕರೆ ಬಿಟ್ಟು, ಮೆಗ್ನೀಸಿಯಂ ಸೇರಿಸಿ, ಡೋಸ್ ಇಳಿಸಿದವರಿಗೆ ತಲೆನೋವು ಬಂದರೆ ಯಾವುದನ್ನು ದೂರುವುದು? ಊಟ, ನಿದ್ರೆ, ವ್ಯಾಯಾಮಗಳು ಎರಡು ಮೂರು ತಿಂಗಳು ಒಂದೇ ಹದದಲ್ಲಿ ನಡೆದ ಮೇಲೆ ಮೊದಲ ಇಳಿತ. ಖಿನ್ನತೆ ಪೂರ್ತಿ ಹೋಗಿ ಕನಿಷ್ಠ ಆರು ತಿಂಗಳಾಗಿರಬೇಕು. ಪದೇ ಪದೇ ಬಂದಿದ್ದರೆ ಎರಡು ವರ್ಷ. ಇಳಿಸುತ್ತಿರುವಷ್ಟು ಕಾಲವೂ ಹೊಸ ಪೂರಕಗಳನ್ನು ಸೇರಿಸದಿರುವುದು ಲೇಸು.

ಊಟದಲ್ಲಿ ಏನು? ಇಲ್ಲಿ ಸಾಕ್ಷ್ಯ ತೆಳುವಾದರೂ ಇದೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಖಿನ್ನತೆಯಿದ್ದ 67 ಜನರಿದ್ದರು. ಆಹಾರತಜ್ಞರ ನೆರವಿನಿಂದ 12 ವಾರ ತರಕಾರಿ, ಹಣ್ಣು, ಇಡೀ ಧಾನ್ಯ, ಕಾಳು, ಮೀನು, ಎಣ್ಣೆಬೀಜಗಳತ್ತ ಹೊರಳಿದವರಲ್ಲಿ ಶೇ 32 ಮಂದಿಗೆ ಖಿನ್ನತೆ ಹತೋಟಿಗೆ ಬಂತು. ಬರೀ ಮಾತುಕತೆಯ ಒಡನಾಟ ಸಿಕ್ಕವರಲ್ಲಿ ಶೇ 8. ಚಿಕ್ಕ ಪ್ರಯೋಗ, ಆದರೂ ಉಪೇಕ್ಷಿಸುವಂಥದ್ದಲ್ಲ. ಇದನ್ನು ಉಲ್ಲೇಖಿಸುವವರು ಹೇಳದೆ ಬಿಡುವ ಅಂಶವೆಂದರೆ ಅವರಲ್ಲಿ ಹೆಚ್ಚಿನವರು ತಮ್ಮ ಚಿಕಿತ್ಸೆಯನ್ನು ಮುಂದುವರಿಸಿಕೊಂಡೇ ಈ ಊಟ ಮಾಡಿದ್ದರು. ಮಾತ್ರೆ ಇಳಿಸಬಹುದೇ ಎಂಬುದು ಆ ಪ್ರಯೋಗದ ಪ್ರಶ್ನೆಯೇ ಆಗಿರಲಿಲ್ಲ.

ಮೀನೆಣ್ಣೆಯ ಒಮೇಗಾ-3 ಖಿನ್ನತೆಗೆ ಸ್ವಲ್ಪ ಸಹಾಯ ಮಾಡಬಹುದು. ಮಾಡುವುದು ಅದರಲ್ಲಿನ ಇಪಿಎ ಎಂಬ ಭಾಗ, ದಿನಕ್ಕೆ 1ರಿಂದ 2 ಗ್ರಾಂ. ಡಬ್ಬಿಯ ಮುಂದೆ '1000 ಮಿಲಿಗ್ರಾಂ' ಎಂದು ದೊಡ್ಡದಾಗಿ ಬರೆದ ಸಾಮಾನ್ಯ ಕ್ಯಾಪ್ಸೂಲಿನ ಹಿಂಬದಿ ನೋಡಿದರೆ ಇಪಿಎ 180, ಡಿಎಚ್‌ಎ 120 ಅಷ್ಟೇ ಇರುತ್ತದೆ. ದಿನಕ್ಕೆ ಒಂದು ನುಂಗಿ ಆರು ತಿಂಗಳ ಬಳಿಕ ಏನೂ ಆಗಲಿಲ್ಲ ಎನ್ನುವವರು ಬೇಕಾದದ್ದರ ಐದನೇ ಒಂದು ಭಾಗವನ್ನಷ್ಟೇ ತೆಗೆದುಕೊಂಡಿರುತ್ತಾರೆ. ಅಗಸೆ ಬೀಜದ ಕೊಬ್ಬು ದೇಹದಲ್ಲಿ ಇಪಿಎ ಆಗಿ ಬದಲಾಗುವುದು ಅತ್ಯಲ್ಪ. ಮೀನು ಬೇಡದವರಿಗೆ ಪಾಚಿಯ ಎಣ್ಣೆ ಇದೆ. ಡೋಸ್ ಹೆಚ್ಚಿದಂತೆ ಹೃದಯದ ಲಯ ತಪ್ಪುವ ಸಾಧ್ಯತೆಯೂ ಸ್ವಲ್ಪ ಏರುವುದರಿಂದ ಹೃದ್ರೋಗಿಗಳು ಕೇಳಿಯೇ ತೆಗೆದುಕೊಳ್ಳಲಿ. ವಿಟಮಿನ್ ಬಿ6 ಅನ್ನು 'ನರಗಳಿಗೆ ಒಳ್ಳೆಯದು' ಎಂದು ದೊಡ್ಡ ಡೋಸ್‌ನಲ್ಲಿ ತಿಂಗಳುಗಟ್ಟಲೆ ತಿಂದರೆ ಅದೇ ನರಗಳಿಗೆ ಹಾನಿ ಮಾಡಿ ಕೈಕಾಲು ಜುಮುಗುಡಿಸುತ್ತದೆ; ಅದನ್ನು ವಿತ್‌ಡ್ರಾವಲ್ ಎಂದು ತಿಳಿಯುವವರಿದ್ದಾರೆ. ಸತು ಅತಿಯಾದರೆ ತಾಮ್ರ ಇಳಿದು ರಕ್ತಹೀನತೆ. ಹೊತ್ತಿಗೆ ಸರಿಯಾಗಿ ಉಣ್ಣುವುದು, ಪ್ರತಿ ಊಟದಲ್ಲೂ ಸ್ವಲ್ಪ ಪ್ರೋಟೀನ್ ಇರುವುದು ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ: ಹಸಿದು ಕೂತಾಗ ಬರುವ ನಡುಕ, ಬೆವರು, ಎದೆಬಡಿತ ಆತಂಕದಂತೆಯೇ ಇರುತ್ತವೆ, ಡೋಸ್ ಇಳಿಸುತ್ತಿರುವವರನ್ನು ವೃಥಾ ಹೆದರಿಸುತ್ತವೆ.

ಪಥ್ಯದಿಂದ ಅಪಾಯವೂ ಉಂಟು ಎಂಬುದನ್ನು ಒತ್ತಿ ಹೇಳಬೇಕು. ಬೈಪೋಲಾರ್ ಕಾಯಿಲೆಗೆ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಲಿಥಿಯಂ ತೆಗೆದುಕೊಳ್ಳುವವರ ವಿಷಯ ನೋಡಿ. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ಕಾಣುತ್ತದೆ. ಉಪ್ಪು ಕಡಿಮೆಯಾದರೆ, ನೀರು ಕಡಿಮೆಯಾದರೆ, ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನೊಳಗೆ ಇರಬೇಕಾದದ್ದು 1.5 ದಾಟಿದರೆ ವಿಷ: ಕೈ ಜೋರಾಗಿ ನಡುಗುವುದು, ವಾಂತಿ, ತೊದಲು, ತೂರಾಡುವ ನಡಿಗೆ. ಉಪ್ಪು ಬಿಡಿಸುವ ಪಥ್ಯ, ದೀರ್ಘ ಉಪವಾಸ, ಮೊದಲ ವಾರದಲ್ಲೇ ನೀರು ಮತ್ತು ಉಪ್ಪನ್ನು ಹೊರಹಾಕುವ ಕೀಟೋ ಆಹಾರ (ಪಿಷ್ಟ ಬಹಳ ಕಡಿಮೆ, ಕೊಬ್ಬು ಹೆಚ್ಚು ಇರುವ ಪಥ್ಯ), ಬೆವರಿಳಿಸುವ ಚಿಕಿತ್ಸೆ, ಮೈಕೈನೋವಿಗೆ ನುಂಗುವ ಐಬುಪ್ರೊಫೆನ್ ಎಲ್ಲವೂ ಇದೇ ಕಡೆಗೆ ತಳ್ಳುತ್ತವೆ. ಕಾಫಿಯನ್ನು ಥಟ್ಟನೆ ಬಿಟ್ಟರೂ ಲಿಥಿಯಂ ಮಟ್ಟ ಏರುತ್ತದೆ, ಏಕೆಂದರೆ ಕೆಫೀನ್ ಅದನ್ನು ಹೊರಹಾಕಲು ನೆರವಾಗುತ್ತಿತ್ತು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಧೂಮಪಾನ ಬಿಟ್ಟರೆ ಅವುಗಳ ಮಟ್ಟವೂ ಏರುತ್ತದೆ, ಕ್ಲೋಜಪಿನ್‌ನದ್ದು ಅರ್ಧದಷ್ಟು ಹೆಚ್ಚಾಗುವುದೂ ಉಂಟು. ಯಕೃತ್ತಿನ ಕಿಣ್ವವನ್ನು ಚುರುಕಾಗಿಡುತ್ತಿದ್ದುದು ಹೊಗೆ, ನಿಕೋಟಿನ್ ಅಲ್ಲ; ಹಾಗಾಗಿ ನಿಕೋಟಿನ್ ಪಟ್ಟಿ ಅಂಟಿಸಿಕೊಂಡರೂ ಇದು ತಪ್ಪದು. ಧೂಮಪಾನ ಬಿಡಲೇಬೇಕು, ಆದರೆ ಮೊದಲೇ ವೈದ್ಯರಿಗೆ ತಿಳಿಸಿ ಡೋಸ್ ಹೊಂದಿಸಿಕೊಂಡು.

ಗಿಡಮೂಲಿಕೆಯಾದರೆ ಅಪಾಯವಿಲ್ಲ ಎಂಬ ನಂಬಿಕೆಗೆ ಸೇಂಟ್ ಜಾನ್ಸ್ ವರ್ಟ್ ಒಂದೇ ಸಾಕು. ಸಾಧಾರಣ ಖಿನ್ನತೆಗೆ ಅದು ಕೆಲಸ ಮಾಡುತ್ತದೆ, ನಿಜ. ಕೆಲಸ ಮಾಡುವುದರಿಂದಲೇ ಅಪಾಯ. ಖಿನ್ನತೆಯ ಮಾತ್ರೆ ಇನ್ನೂ ದೇಹದಲ್ಲಿರುವಾಗ ಇದನ್ನು, ಅಥವಾ 5-ಎಚ್‌ಟಿಪಿ, ಟ್ರಿಪ್ಟೊಫಾನ್ ಮೊದಲಾದ ಪೂರಕಗಳನ್ನು ಸೇರಿಸಿದರೆ ಸಿರೊಟೋನಿನ್ ಅತಿಯಾಗಿ ಜ್ವರ, ಬೆವರು, ಭೇದಿ, ಸ್ನಾಯುಗಳ ಅದುರು, ಗೊಂದಲ. ಪ್ರಾಣಕ್ಕೇ ಕುತ್ತು ಬರಬಹುದು. ಫ್ಲೂಕ್ಸೆಟಿನ್ ಬಿಟ್ಟವರಿಗೆ ಐದು ವಾರ ಅಂತರ ಬೇಕು. ಇದೇ ಸೊಪ್ಪು ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಬಲವನ್ನು ಕುಗ್ಗಿಸುತ್ತದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಚಕೋತದ ಜಾತಿಯ ಗ್ರೇಪ್‌ಫ್ರೂಟ್ ರಸ ಕ್ವೆಟಿಯಪಿನ್‌ನಂಥ ಮಾನಸಿಕ ಕಾಯಿಲೆಯ ಕೆಲವು ಔಷಧಗಳನ್ನು ರಕ್ತದಲ್ಲಿ ಏರಿಸಬಲ್ಲದು.

ಪಥ್ಯಕ್ಕಿಂತ ನನಗೆ ಹೆಚ್ಚು ಭರವಸೆ ಇರುವುದು ಮನಸ್ಸಿನ ತರಬೇತಿ ಮತ್ತು ನಿದ್ರೆಯ ಮೇಲೆ. ಮಾತ್ರೆ ಇಳಿಸುವ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡ ಪ್ರಯೋಗವೊಂದನ್ನು ವಿಲೆಮ್ ಕಾಯ್ಕನ್ ಅವರ ತಂಡ ಬ್ರಿಟನ್ನಿನಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿತು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದಿದ್ದ 424 ಜನ. ಅರ್ಧದಷ್ಟು ಮಂದಿ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣದತ್ತ ಗಮನವಿಡುವ ಧ್ಯಾನ) ಆಧಾರಿತ ತರಬೇತಿ ಪಡೆದು, ವೈದ್ಯರ ಬೆಂಬಲದೊಂದಿಗೆ ಮಾತ್ರೆ ಇಳಿಸಲು ಹೊರಟರು. ಉಳಿದವರು ಮಾತ್ರೆ ಮುಂದುವರಿಸಿದರು. ಎರಡು ವರ್ಷದಲ್ಲಿ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ಶೇ 44, ಎರಡನೆಯದರಲ್ಲಿ ಶೇ 47. ಇದರ ಎದುರಿಗೆ 2021ರ ಇನ್ನೊಂದು ಬ್ರಿಟಿಷ್ ಪ್ರಯೋಗವನ್ನು ಇಟ್ಟು ನೋಡಿ: ಮಾತ್ರೆ ಬಿಡಬಹುದು ಎನ್ನುವಷ್ಟು ಚೆನ್ನಾಗಿದ್ದ 478 ಜನರಲ್ಲಿ, ಇಂಥ ತರಬೇತಿಯಿಲ್ಲದೆ ಸುಮಾರು ಎರಡು ತಿಂಗಳಲ್ಲಿ ನಿಲ್ಲಿಸಿದವರಿಗೆ ವರ್ಷದೊಳಗೆ ಶೇ 56 ಮರುಕಳಿಕೆ, ಮುಂದುವರಿಸಿದವರಿಗೆ ಶೇ 39. ಎರಡು ಪ್ರಯೋಗಗಳ ಜನ ಬೇರೆ, ವಿಧಾನ ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ಬೆಂಬಲವಿಲ್ಲದೆ ಬೇಗ ನಿಲ್ಲಿಸುವುದಕ್ಕೆ ಯಾವ ಬೆಲೆ ತೆರಬೇಕಾದೀತು ಎಂಬುದು ಕಾಣುತ್ತದೆ. ಮುಂದುವರಿಸಿದವರಲ್ಲೂ ಹತ್ತರಲ್ಲಿ ನಾಲ್ವರಿಗೆ ಮರುಕಳಿಸಿತು, ನಿಲ್ಲಿಸಿದವರಲ್ಲೂ ಶೇ 44 ಮಂದಿ ಚೆನ್ನಾಗಿಯೇ ಉಳಿದರು ಎಂಬುದೂ ಅದೇ ಅಂಕಿಗಳಲ್ಲಿದೆ.

ನಿದ್ರೆಗೆ ನಿಯಮಗಳು ಕೆಲವೇ: ಏಳುವ ಹೊತ್ತು ದಿನವೂ ಒಂದೇ, ಇಪ್ಪತ್ತು ನಿಮಿಷ ನಿದ್ರೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಹಾಸಿಗೆಯಲ್ಲಿ ಕಳೆಯುವ ಕಾಲವನ್ನು ನಿಜವಾಗಿ ನಿದ್ರಿಸುವಷ್ಟಕ್ಕೆ, ಆದರೆ ಐದು ತಾಸಿಗಿಂತ ಕಡಿಮೆಯಾಗದಂತೆ, ಇಳಿಸಿ ಆಮೇಲೆ ವಾರವಾರ ಹೆಚ್ಚಿಸುವುದು. ಬೈಪೋಲಾರ್ ಇರುವವರಿಗೆ ಈ ಕೊನೆಯದು ಬೇಡ, ನಿದ್ರೆಗೆಟ್ಟರೆ ಉನ್ಮಾದ ಕೆರಳುತ್ತದೆ. ವ್ಯಾಯಾಮ ವಾರಕ್ಕೆ ಮೂರು ಸಲ, 45 ನಿಮಿಷ, ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸು.

ಮೇಲೆ ಹೇಳಿದ್ದೆಲ್ಲ ಮುಖ್ಯವಾಗಿ ಖಿನ್ನತೆಗೂ ಆತಂಕಕ್ಕೂ ಕೊಡುವ ಸಿಟಾಲೊಪ್ರಾಂನಂಥ ಮಾತ್ರೆಗಳ ಬಗ್ಗೆ. ಆತಂಕ, ನಿದ್ರಾಹೀನತೆಗೆ ಕೊಡುವ ಬೇರೆಯೇ ಗುಂಪಿನ ಅಲ್ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂಗಳನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10 ಇಲ್ಲಿನ ಗತಿ. ಇವುಗಳ ವಿತ್‌ಡ್ರಾವಲ್ ಬಗ್ಗೆ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಅವರ ಲೆಕ್ಕದಲ್ಲಿ ಅಲ್ಪ್ರಜೋಲಾಂ 0.5 ಮಿಲಿಗ್ರಾಂ ಅದೇ ಗುಂಪಿನ ಡಯಾಜೆಪಾಂನ ಸುಮಾರು 10 ಮಿಲಿಗ್ರಾಂಗೆ ಸಮ. 'ಅರ್ಧ ಮಿಲಿಗ್ರಾಂ ತಾನೇ' ಎಂದು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು. ಸ್ಕಿಜೋಫ್ರೇನಿಯಾದ ಔಷಧಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಜೊವಾನ್ನಾ ಮಾನ್‌ಕ್ರೀಫ್ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಂಗಳುಗಟ್ಟಲೆ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಇಳಿಸಿದರೂ, ಎರಡು ವರ್ಷದಲ್ಲಿ ಗಂಭೀರವಾಗಿ ಮರುಕಳಿಸಿದ್ದು ಶೇ 25 ಮಂದಿಗೆ. ಮುಂದುವರಿಸಿದವರಲ್ಲಿ ಶೇ 13. ಸಾಮಾಜಿಕ ಬದುಕು ಸುಧಾರಿಸಬಹುದೆಂಬ ನಿರೀಕ್ಷೆಯೂ ಆ ಅವಧಿಯಲ್ಲಿ ಈಡೇರಲಿಲ್ಲ. ಮಾತ್ರೆ ಇಳಿಸುವುದರ ಪರ ಇದ್ದವರೇ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದಾರೆ ಎಂಬುದಕ್ಕೆ ನಾನು ತಲೆಬಾಗುತ್ತೇನೆ. ಲಿಥಿಯಂ, ಕ್ಲೋಜಪಿನ್, ವಾಲ್ಪ್ರೊಯೇಟ್‌ಗಳನ್ನು ಯಾವ ಲೇಖನ ಓದಿಯೂ ಮನೆಯಲ್ಲಿ ತಾವೇ ಇಳಿಸಬಾರದು.

ವೈದ್ಯರಲ್ಲೂ ಒಂದು ಕೋರಿಕೆ. 'ನಾನು ಈ ಮಾತ್ರೆ ಕಡಿಮೆ ಮಾಡಬಹುದೇ' ಎಂದು ಕೇಳಿದವರನ್ನು ಗದರಿ ಕಳಿಸಿದರೆ ಅವರು ಕೇಳುವುದನ್ನು ನಿಲ್ಲಿಸುತ್ತಾರೆ, ಮಾತ್ರೆ ನಿಲ್ಲಿಸುವುದನ್ನಲ್ಲ. ಬರೆದುಕೊಡುವ ದಿನವೇ ಎಷ್ಟು ಕಾಲ, ಇಳಿಸುವುದು ಹೇಗೆ ಎಂಬುದನ್ನೂ ಚೀಟಿಯಲ್ಲಿ ಬರೆದರೆ ಅರ್ಧ ಕಷ್ಟ ಕಳೆದಂತೆ.

ತಮ್ಮ ಪತ್ರಿಕೆಯಲ್ಲಿ ಈ ವಿಷಯದ ಬರಹ ಬಂದಾಗಲೆಲ್ಲ ಪಕ್ಕದಲ್ಲೊಂದು ಚೌಕಟ್ಟು ಇರಲಿ ಎಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಇಷ್ಟಿದ್ದರೆ ಸಾಕು: ಯಾವ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ; ತಿನ್ನುತ್ತಿರುವ ಪೂರಕ, ಮೂಲಿಕೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ; ಸಾಯುವ ಯೋಚನೆ, ಒಂದೆಡೆ ಕೂರಲೂ ನಿಲ್ಲಲೂ ಆಗದ ಒಳಗಿನ ಚಡಪಡಿಕೆ, ಎರಡು ರಾತ್ರಿ ನಿದ್ರೆಯಿಲ್ಲದಿದ್ದರೂ ದಣಿವಾಗದಿರುವುದು, ಇಲ್ಲದ ಧ್ವನಿ ಕೇಳಿಸುವುದು, ಫಿಟ್ಸ್, ಜ್ವರದ ಜೊತೆ ಮೈ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಎಷ್ಟು ದಿನದ ಹಿಂದೆ ಯಾವ ಮಾತ್ರೆ ಎಷ್ಟು ಇಳಿಸಿದಿರಿ ಎಂಬುದನ್ನು ಮೊದಲು ಹೇಳಿ.

ಇತಿ,
ತಮ್ಮ ಓದುಗ